ಹಸಿದ ಕೌದಿ

"ನಾಲ್ಕಕ್ಕ ಸಹಿ," ಅಂದ ಕಾಂತಪ್ಪ, ವ್ಯಾನಿನ ಎಂಜಿನ್ ಆರಿಸದೆ. "ಈಗ ಒಂದೂ ನಲವತ್ತು. ಇಲ್ಲಿಂದ ಪವಾಯಿ ಅಂದ್ರ ಒಂದೂವರಿ ತಾಸು. ನಿಮಗ ಇಪ್ಪತ್ತ ಮಿನಿಟ ಕೊಡ್ತೀನಿ. ಹೆಚ್ಚಾತಂದ್ರ ಟೋಯಿಂಗ್‌ನವ್ರು ಗಾಡಿ ಎತ್ತಿಕೊಂಡ ಹೊಕ್ಕಾರ, ನನ್ನೂ ಸೇರಿಸಿ."

ಯಾರೂ ನಗಲಿಲ್ಲ.

ಹಿಂದಿನ ಸೀಟಿನಲ್ಲಿ ಗುರುಬಾಯಿ ಒಂದು ಪ್ಲಾಸ್ಟಿಕ್ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಹಿಡಿದಿದ್ದಳು. ಅದರಲ್ಲಿ ಆಧಾರ್ ಕಾರ್ಡು, ಮಗಳ ಎರಡು ಫೋಟೋ, ಇನ್ನೂ ಹೆಬ್ಬೆಟ್ಟು ಬೀಳದ ಒಂದು ಕಾಗದ. ಹನ್ನೆರಡು ದಿನದ ಹಿಂದೆ ಆಂಟಾಪ್ ಹಿಲ್‌ನ ಮನೆಯಿಂದ ದಾರ ತರುತ್ತೇನೆಂದು ಹೋದ ಅಕ್ಕು ಮರಳಿರಲಿಲ್ಲ. ಹೋದ ಶುಕ್ರವಾರ ಪವಾಯಿ ಕೆರೆಯಿಂದ ಒಂದು ಹೆಣ ತೆಗೆದಿದ್ದರು.

ಆ ಹೆಣಕ್ಕೆ ಮುಖ ಉಳಿದಿರಲಿಲ್ಲ. ಎಡಗಾಲಿಗೆ ಕರಿದಾರ ಇತ್ತು. ಅಕ್ಕುವಿನ ಕಾಲಿಗೂ ಇತ್ತು.

"ಕರಿದಾರ ಈ ಊರಾಗ ಯಾರ ಕಾಲಾಗ ಇಲ್ಲ?" ಎಂದು ಗುರುಬಾಯಿ ಭಾನುವಾರದಿಂದ ಕೇಳುತ್ತಿದ್ದಳು. ಯಾರನ್ನು ಎಂದು ಅವಳಿಗೇ ಗೊತ್ತಿರಲಿಲ್ಲ.

ಕಾಂತಪ್ಪ ಮಾತ್ರ ಉತ್ತರ ಕೊಡುತ್ತಿದ್ದ. ಅವಳ ತಾಲ್ಲೂಕಿನವನೇ. ಇಪ್ಪತ್ತು ಮನೆಗಳ ಹೆಂಗಸರಿಗೆ ಚಿಂದಿ ಬಟ್ಟೆ ಕೊಟ್ಟು ಕೌದಿ ಹೊಲಿಸಿ ಒಯ್ಯುವವನು. ಠಾಣೆಗೆ, ಆಸ್ಪತ್ರೆಗೆ, ಶವಾಗಾರಕ್ಕೆ ಅವನೇ ಓಡಾಡಿದ್ದ. ಹೆಣ ನೋಡಿ, "ನಮ್ಮ ಅಕ್ಕೂನ" ಎಂದವನೂ ಅವನೇ. ಗುರುಬಾಯಿ ಒಂದು ನಿಮಿಷ ನೋಡಿ, ಹೌದೂ ಅನ್ನದೆ ಅಲ್ಲವೂ ಅನ್ನದೆ ಹೊರಗೆ ಬಂದಿದ್ದಳು.

ಇವತ್ತು ನಾಲ್ಕು ಗಂಟೆಗೆ ತಾಯಿ ಗುರುತು ಹಿಡಿದೆನೆಂದು ಹೆಬ್ಬೆಟ್ಟು ಒತ್ತಿದರೆ ಹೆಣ ಕೈಗೆ ಸಿಗುತ್ತದೆ. ಸಂಜೆಗೆ ಮಣ್ಣು. ಆಮೇಲೆ ಈ ಎರಡು ಕೋಟಿ ಜನರ ಊರಿನಲ್ಲಿ ಅಕ್ಕುವನ್ನು ಹುಡುಕುವವರು ಒಬ್ಬರೂ ಇರುವುದಿಲ್ಲ.

ನೆರವಿಗೆಂದು ಗುರುಬಾಯಿಯ ಜೊತೆ ಬಂದಿದ್ದ ನಮಿತಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಐದು ವರ್ಷ ಅವಳು ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳ ತನಿಖೆ ಮಾಡಿದ್ದಳು. ಕಾಗದದ ಮೇಲೆ ಸತ್ತವರು ಜೀವಂತವಾಗಿ ಚಹಾ ಕುಡಿಯುವುದನ್ನು ಎರಡು ಸಲ ಕಂಡಿದ್ದಳು. ಕಾಂದಿವಲಿಯಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡ ಅಜ್ಜಿಯಿಂದ ಬಂದದ್ದು, ಅಜ್ಜಿಯ ಜೊತೆಗೇ ಅರ್ಧ ಹೋದದ್ದು.

"ಸಿರ್ಫ್ ಇಪ್ಪತ್ತು ಮಿನಿಟ್, ಕಾಂತಪ್ಪಾಜೀ," ಎಂದಳು. "ಪ್ರಾಮಿಸ್."

"ಆ ಅಂಗಡ್ಯಾಗ ಏನೈತ್ರೀ ಮೇಡಂ? ಅಂಗಡಿ ಚೀಟಿ ರಸ್ತಾದಾಗ ಸಾವಿರ ಬಿದ್ದಿರ್ತಾವ. ಹುಡುಗಿ ಆರಿಸಿ ಇಟ್ಟುಕೊಂಡಾಳ."

ಬೆಳಿಗ್ಗೆ ಅಕ್ಕುವಿನ ಟ್ರಂಕಿನ ತಳದಲ್ಲಿ ಸಿಕ್ಕಿದ್ದ ಆ ಚೀಟಿ ಈಗ ನಮಿತಾಳ ಪರ್ಸಿನಲ್ಲಿತ್ತು. ನೀಲಿ ರಟ್ಟು, ಮೇಲೆ ಬಾಂದ್ರಾದ ಅಂಗಡಿಯೊಂದರ ಹೆಸರು, ನಡುವೆ ಸುಕ್ಕು ಮುಖದ ಮುದುಕಿಯೊಬ್ಬಳ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ: ಇದನ್ನು ಮಾಡಿದವಳು ಫಾತಿಮಾ, ಅಟ್ಲಾಸ್ ಪರ್ವತ, ಮೊರಾಕ್ಕೊ. ಹಿಂದೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಎರಡೇ ಪದ: ಫಾತಿಮಾ ಅಲ್ಲ.

ಕಾಂತಪ್ಪ ಡ್ಯಾಶ್‌ಬೋರ್ಡಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಹಿಂದಕ್ಕೆ ಚಾಚಿದ. "ತಗೋರಿ ಅಕ್ಕಾ, ನಿಮ್ಮ ಡಬ್ಬಿ. ತೊಳದೀನಿ. ಶನಿವಾರ ಕೊಟ್ಟ ರೊಟ್ಟಿ ಭಾಳ ಛಲೋ ಇದ್ವು. ಒಂದೂ ಬಿಡಲಿಲ್ಲ."

"ಅವತ್ತ ನನಗ ಖಬರ ಇರಲಿಲ್ಲಪಾ. ಏನ ಬಡದ್ನ್ಯೋ, ಏನ ಹಚ್ಚಿದ್ನ್ಯೋ," ಎಂದಳು ಗುರುಬಾಯಿ, ಡಬ್ಬಿಯ ಕಡೆ ನೋಡದೆ.

ಇಬ್ಬರೂ ಇಳಿದರು. ಕಾಂತಪ್ಪ ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿರಲಿಲ್ಲ. ತಿರುವಿನ ಆಚೆ, ಶಿಲುಬೆ ಕಟ್ಟೆಯ ಮರೆಯಲ್ಲಿ ನಿಲ್ಲಿಸಿದ್ದ.

ಹತ್ತು ಹೆಜ್ಜೆ ನಡೆದ ಮೇಲೆ ನಮಿತಾಳ ಮನಸ್ಸಿಗೆ ಏನೋ ಚುಚ್ಚಿತು. ತಾನು ಹೇಳಿದ್ದು ಅಂಗಡಿಯ ಹೆಸರು ಮತ್ತು ಬಾಂದ್ರಾ, ಅಷ್ಟೇ. ಈ ಓಣಿಗೆ ಮೂರು ತಿರುವು. ಅವನು ಯಾರನ್ನೂ ಕೇಳಿರಲಿಲ್ಲ. ಫೋನಿನಲ್ಲಿ ನಕಾಶೆಯನ್ನೂ ತೆರೆದಿರಲಿಲ್ಲ.

*

ಅಂಗಡಿಯ ಹೆಸರು 'ದಾರ್ ನೀಲಾ'. ಹಳೆಯ ಬಂಗಲೆಯೊಂದರ ಕೆಳಮಹಡಿ. ನೀಲಿ ಬಾಗಿಲು, ಅದರ ಮೇಲೆ ಹಿತ್ತಾಳೆಯ ಒಂದು ಅಂಗೈ, ದೃಷ್ಟಿ ತಾಕದಿರಲೆಂದು.

ಗುರುಬಾಯಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು.

"ಆಂಟಿ, ಇಲ್ಲಿ ಬಿಡೋದು ಬೇಡ..."

"ಮಂದಿ ಮನಿ ಐತಿ," ಎಂದು ಬರಿಗಾಲಲ್ಲಿ ಒಳಗೆ ನಡೆದಳು. ನೆಲ ಬಿಳಿ. ಶವಾಗಾರದ ನೆಲವೂ ಬಿಳಿಯೇ ಇತ್ತೇನೋ. ಅವಳ ಕಾಲು ಒಂದು ಕ್ಷಣ ನಿಂತು ಮತ್ತೆ ಮುಂದೆ ಹೋಯಿತು.

ಒಳಗೆ ಮಧ್ಯಾಹ್ನದಲ್ಲೂ ದೀಪ ಹಚ್ಚಿದ್ದರು. ಸೀಳಿ ಸೀಳಿ ತೂತು ಮಾಡಿದ ಹಿತ್ತಾಳೆ ಲಾಂದ್ರಗಳು ಗೋಡೆಯ ಮೇಲೆಲ್ಲ ನಕ್ಷತ್ರಗಳನ್ನು ಉಗುಳುತ್ತಿದ್ದವು. ಶಂಕುವಿನಾಕಾರದ ಮುಚ್ಚಳದ ಮಣ್ಣಿನ ಮಡಕೆಗಳು, ಹಿಮ್ಮಡಿ ಇಲ್ಲದ ಹಳದಿ ಚರ್ಮದ ಚಪ್ಪಲಿಗಳು, ನೆಲ ಮುಟ್ಟುವ ನಿಲುವಂಗಿಗಳು. ಗಿರಾಕಿಗಳಿರಲಿಲ್ಲ. ಎಲ್ಲ ವಸ್ತುಗಳೂ ಯಾರನ್ನೋ ಕಾಯುತ್ತ ಕೂತ ಸಂಬಂಧಿಕರಂತೆ ಕಂಡವು.

"ಆಯಿಯೇ! ಪುದೀನಾ ಟೀ?"

ಅಂಗಡಿಯ ಒಡತಿ ಸೋನಾಲಿ. ನಲವತ್ತರ ಆಸುಪಾಸು, ನೀಲಿ ನಿಲುವಂಗಿ, ಕತ್ತಿನಲ್ಲಿ ಬೆಳ್ಳಿಯ ದಪ್ಪ ಸರ. ಮಾತೆಲ್ಲ ಇಂಗ್ಲಿಷ್ ಬೆರೆತ ಹಿಂದಿ. ಬರಿಗಾಲಿನ ಮುದುಕಿಯನ್ನು ಅವಳು ಒಂದೇ ನೋಟದಲ್ಲಿ ಕೆಲಸದವಳ ಲೆಕ್ಕಕ್ಕೆ ಹಾಕಿದಳು.

"ಹೊಸ ಮನೆ," ಎಂದಳು ನಮಿತಾ ಹಿಂದಿಯಲ್ಲಿ. "ಬೆಡ್‌ರೂಮಿಗೆ ಏನಾದರೂ ಬೇಕು. ಎಲ್ಲೂ ಸಿಗದಂಥದ್ದು."

"ಹಾಗಾದರೆ ಲಾಂದ್ರ ಬಿಡಿ. ಇಲ್ಲಿ ಬನ್ನಿ."

ಒಳಕೋಣೆಯ ಗೋಡೆಯ ಮೇಲೆ ಬಿದಿರಿನ ಕೋಲಿಗೆ ಒಂದು ಹಾಸು ನೇತು ಬಿಟ್ಟಿದ್ದರು. ಚಿಂದಿಗಳು. ಗಿಳಿಹಸಿರು, ಅರಿಶಿನ, ತೊಳೆದು ಮಾಸಿದ ಗುಲಾಬಿ. ನಟ್ಟನಡುವೆ ಅಂಗೈಯಷ್ಟಗಲದ ಒಂದು ಕೆಂಪು ಚೌಕ. ಅಂಚಿನಿಂದ ಒಳಕ್ಕೆ ಸುತ್ತುತ್ತ ಸುತ್ತುತ್ತ ಬಂದ ಬಿಳಿ ದಾರದ ಹೊಲಿಗೆ ಆ ಚೌಕದ ಸುತ್ತ ಬಂದು ನಿಂತಿತ್ತು. ಒಂದು ಮೂಲೆಯಲ್ಲಿ ನೀಲಿ ಚೀಟಿ. ಅದೇ ಮುದುಕಿ.

"ಬರ್ಬರ್ ಹೆಂಗಸರ ಕೈಕೆಲಸ," ಎಂದಳು ಸೋನಾಲಿ. "ಅಟ್ಲಾಸ್ ಬೆಟ್ಟದಲ್ಲಿ ಹಳೇ ಬಟ್ಟೆ ಎಸೆಯೋದಿಲ್ಲ. ಒಂದೊಂದಕ್ಕೆ ಮೂರು ತಿಂಗಳು. ಇದು ಫಾತಿಮಾ ಮಾಡಿದ್ದು. ಆಕೆಗೆ ಎಪ್ಪತ್ತೆರಡು ವರ್ಷ. ಮುಟ್ಟಿ ನೋಡಿ, ಅವಳ ಬದುಕೇ ಕೈಗೆ ಸಿಗುತ್ತೆ."

ಮುಟ್ಟಿದ್ದು ಗುರುಬಾಯಿ.

ಅವಳ ಕೈ ಅಂಚಿನಲ್ಲಿ ಶುರುವಾಯಿತು. ಹೊಲಿಗೆಯ ಸಾಲು ಹಿಡಿದು ಒಂದು ಸುತ್ತು ಹೋಯಿತು. ಎರಡನೇ ಸುತ್ತಿನಲ್ಲಿ ನಿಂತಿತು.

"ಕೌದಿ ಇದು," ಎಂದಳು. "ನಮ್ಮ ಅಕ್ಕೂಂದು."

"ಆಂಟಿ, ಪಕ್ಕಾ? ಮತ್ಲಬ್... ಹೇಗೆ ಗೊತ್ತು?"

"ಗೋಲ ಯಾ ಕಡೆ ತಿರಗೈತಿ ನೋಡವ್ವಾ. ಎಲ್ಲಾರದೂ ಬಲಕಿಂದ ಎಡಕ ಹೊಕ್ಕೈತಿ. ಇದು ಎಡಕಿಂದ ಬಲಕ. ನನ್ನ ಮಗಳು ಎಡಚಿ. ಎಷ್ಟ ಬಡದ್ರೂ ಕೈ ಬದಲಿ ಮಾಡಲಿಲ್ಲ." ಗುರುಬಾಯಿ ಸೋನಾಲಿಯ ಕಡೆ ತಿರುಗಿ, ಅವಳಿಗೆ ತಿಳಿಯದೆಂಬ ಧೈರ್ಯದಲ್ಲಿ, ಮೆಲ್ಲಗೆ ಸೇರಿಸಿದಳು: "ಎಪ್ಪತ್ತೆರಡು ವರ್ಷಂತ! ಈ ಹಲ್ಲುಗಿಂಜೂ ಬಾಡಿಗಿ ಮಾರಿಗಿ ಏನ ಗೊತ್ತು?"

ಸೋನಾಲಿಯ ನಗು ಆರಿತು. ಸ್ವಿಚ್ ಒತ್ತಿದಷ್ಟು ಚೊಕ್ಕವಾಗಿ.

ನಮಿತಾ ಅದನ್ನೇ ಕಾಯುತ್ತಿದ್ದಳೆಂದಲ್ಲ. ಆದರೆ ಕಂಡಳು.

"ಊರು ಯಾವುದು ನಿಮ್ಮದು, ಸೋನಾಲಿಜೀ?" ಎಂದು ಕನ್ನಡದಲ್ಲೇ ಕೇಳಿದಳು.

"ಎಕ್ಸ್‌ಕ್ಯೂಸ್ ಮೀ?"

"ಬೈದಿದ್ದು ಕೂಡಲೇ ಸಮಝ್ ಆಯ್ತು. ಊರು ಕೇಳಿದ್ರೆ ಆಗಲಿಲ್ಲ?"

ಲಾಂದ್ರವೊಂದು ಫ್ಯಾನಿನ ಗಾಳಿಗೆ ತಿರುಗಿತು. ನಕ್ಷತ್ರಗಳು ಸೋನಾಲಿಯ ಮುಖದ ಮೇಲೆ ಹರಿದಾಡಿದವು. ಕೊನೆಗೆ ಅವಳು ಬಾಗಿಲತ್ತ ನೋಡಿ, ದನಿ ತಗ್ಗಿಸಿ, "ಬೆಳಗಾವಿ" ಎಂದಳು. "ಈಗ ಏನ್ ಮಾಡ್ತೀರಿ? ಬೋರ್ಡ್ ಹಚ್ತೀರೇನು?"

"ಅಕ್ಕು ಎಲ್ಲಿ?"

"ಯಾರ ಅಕ್ಕು?"

ನಮಿತಾ ಪರ್ಸಿನಿಂದ ಚೀಟಿ ತೆಗೆದು ಗೋಡೆಯ ಚೀಟಿಯ ಪಕ್ಕ ಹಿಡಿದಳು. ಒಂದೇ ಮುದುಕಿ, ಎರಡು ಸಲ. ಆಮೇಲೆ ಹಿಂದೆ ತಿರುಗಿಸಿದಳು. ಪೆನ್ಸಿಲಿನ ಅಕ್ಷರ.

"ಓದೋಕೆ ನಿಮಗೇ ಬರುತ್ತೆ. ನನಗೆ ಬರಲ್ಲ," ಎಂದಳು. "ಇವರು ಅವಳ ತಾಯಿ. ನಾಲ್ಕು ಗಂಟೆಗೆ ಒಂದು ಲಾಶ್ ಇವರ ಮಗಳದು ಅಂತ ಹೆಬ್ಬೆಟ್ಟು ಒತ್ತಬೇಕು. ನೀವು ಸುಳ್ಳು ಹೇಳೋದಿದ್ರೆ ಇವರ ಮುಖ ನೋಡಿಕೊಂಡು ಹೇಳಿ."

ಸೋನಾಲಿ ನೋಡಲಿಲ್ಲ. ಚರ್ಮದ ಗುಂಡು ಪೀಠದ ಮೇಲೆ ಕುಸಿದು ಕೂತಳು.

"ಲಾಂದ್ರ ಖರೇನ ಅಲ್ಲಿಂದ ತರಿಸ್ತೀನಿ," ಎಂದಳು. "ಚಪ್ಪಲ್, ಮಡಕಿ, ಎಲ್ಲಾ ಖರೇ. ಇದೊಂದೇ..."

"ಹುಡುಗಿ ಬಂದಿದ್ಲಾ ಇಲ್ಲಿಗೆ?"

"ಬಂದಿದ್ಲು. ಹದಿಮೂರು ದಿನ ಆತು. ಹೊರಗ ನಿಂತು ಗಾಜಿನ್ಯಾಗ ನೋಡ್ತಿದ್ಲು. ನಾ ಗಿರಾಕಿ ಅನ್ಕೊಂಡೆ. ಒಳಗ ಬಂದಾಕಿನ ಚೀಟಿ ಕಿತ್ತಿದ್ಲು. 'ಇದು ನಾ ಹೊಲದದ್ದು, ಈ ಮುದಿಕಿ ಯಾರು?' ಅಂತ. ಅವಾಗ ಇಬ್ರು ಗಿರಾಕಿ ಇದ್ರು. ನಾ ರೊಕ್ಕ ಕೊಡ್ತೀನಿ ಅಂದೆ. ಬ್ಯಾಡ ಅಂದ್ಲು. 'ನನ್ನ ಹೆಸರು ಬರೀರಿ, ನನ್ನ ಫೋಟೋ ಹಾಕ್ರಿ. ಇಲ್ಲಂದ್ರ ನಾಳೆ ಇಪ್ಪತ್ತ ಮಂದಿ ಕರಕೊಂಡ ಬಂದು ಬಾಗಿಲದಾಗ ಕುಂತ ಹೊಲೀತೀನಿ' ಅಂದ್ಲು."

ಗುರುಬಾಯಿಯ ಬಾಯಿಯಿಂದ ಒಂದು ಸದ್ದು ಬಂತು. ಅಳುವೂ ಅಲ್ಲ, ನಗುವೂ ಅಲ್ಲ. "ನನ್ನ ಮುಂದ ಹೇಳಲಿಲ್ಲ," ಎಂದಳು.

"ಆಮೇಲೆ?" ಎಂದಳು ನಮಿತಾ.

"ನಾ ಮಾಲ್ ತರೂ ಮನಷ್ಯಾಗ ಫೋನ್ ಮಾಡಿದೆ. ನಿನ್ನ ಹುಡುಗಿನ ಸಂಭಾಳಿಸು ಅಂದೆ. ಅಷ್ಟ. ಬ್ಯಾರೆ ಏನೂ ಅಂದಿಲ್ಲ. ದೇವರಾಣಿ, ಸಂಭಾಳಿಸು ಅಂತ ಇಷ್ಟ ಅಂದೀನಿ."

"ಯಾರು ಆ ಮನುಷ್ಯ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಅಕ್ಕುವಿನ ಕೌದಿಗಳು ಒಂದೇ ಕೈಯಿಂದ ಮನೆಯ ಹೊರಗೆ ಹೋಗುತ್ತಿದ್ದವು. ಆದರೂ ಸೋನಾಲಿ, "ಕಾಂತಪ್ಪ" ಎಂದಾಗ ಗುರುಬಾಯಿ ಕೌದಿಯ ಅಂಚು ಹಿಡಿದಳು.

"ಕೌದಿ ದುಬೈಕ ಹೊಕ್ಕಾವ ಅಂದಿದ್ದ," ಎಂದಳು. " ಸಮುದ್ರದಾಚೆ ಹೊಕ್ಕಾವ, ಅದಕ ನೀಟ ಹೊಲೀರಿ ಅಂದಿದ್ದ."

ನಮಿತಾಳ ಫೋನು ಒಂದು ಐವತ್ತೆರಡು ತೋರಿಸುತ್ತಿತ್ತು. ಸುಳ್ಳು ಹೇಳಿದ ಗುತ್ತಿಗೆದಾರ. ಸರಿ. ಈ ಊರಿನಲ್ಲಿ ಸುಳ್ಳು ಹೇಳದ ಗುತ್ತಿಗೆದಾರ ಯಾರು? ಅಂಗಡಿಯ ಹೆಸರು ಮುಚ್ಚಿಟ್ಟಿದ್ದಕ್ಕೆ ಯಾವ ಠಾಣೆಯೂ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಕೆರೆಯ ಹೆಣ ಹೆಣವಾಗಿಯೇ ಇತ್ತು. ನಾಲ್ಕು ಗಂಟೆ ನಾಲ್ಕು ಗಂಟೆಯಾಗಿಯೇ ಇತ್ತು.

"ಈ ಕೌದಿ ಇಲ್ಲಿಗೆ ಯಾವಾಗ ಬಂತು?"

"ನಿನ್ನೆ. ಸೋಮವಾರ ಮುಂಜಾನೆ. ಆದ್ರ ಅದು ಯಾವಾಗ ಹೊಲದದ್ದೋ ಯಾರಿಗೆ ಗೊತ್ತು? ಅವನ ಗೋಡೌನ್‌ನ್ಯಾಗ ಹಳೇ ಮಾಲ್ ಇರ್ತೈತಿ. ತಿಂಗಳ ಹಿಂದಿನದೂ ಇರಬಹುದು."

ಅದು ನಿಜ. ನಮಿತಾ ಹಣೆಯನ್ನು ಮುಷ್ಟಿಯಿಂದ ಒತ್ತಿಕೊಂಡಳು. ಬಟ್ಟೆಗೆ ತಾರೀಖು ಇರುವುದಿಲ್ಲ. ದಾರಕ್ಕೆ ಇರುವುದಿಲ್ಲ. ಎಡಗೈಯ ಹೊಲಿಗೆ ಸತ್ತವಳದೂ ಆಗಬಹುದು, ಇದ್ದವಳದೂ ಆಗಬಹುದು.

"ತಾರೀಖು ಐತಿ," ಎಂದಳು ಗುರುಬಾಯಿ.

*

ಕೋಲಿನಿಂದ ಕೌದಿಯನ್ನು ಇಳಿಸಿ ಅವಳು ನೆಲದ ಮೇಲೆ ಹಾಸಿದಳು. ಬಾಣಂತಿಯನ್ನು ಮಲಗಿಸಿದಷ್ಟು ಜೋಪಾನವಾಗಿ. ಪಕ್ಕದಲ್ಲಿ ಮೊಣಕಾಲೂರಿ ಕೂತಳು.

"ಕೌದಿ ಮುಗೀವಾಗ ಒಂದ ತುತ್ತು ಒಳಗ ಇಡಬೇಕು," ಎಂದಳು. "ನಾವು ಅವತ್ತ ಏನ ಉಣ್ತೀವಿ, ಅದರಾಗಿಂದ. ಇಟ್ಟ ಮ್ಯಾಲೆ ಕಡೀ ಹೊಲಿಗಿ. ಕೌದಿ ಹಸದಿರಬಾರದು. ಹಸದ ಕೌದಿ ಹೊಚ್ಚಿಕೊಂಡವ್ರಿಗೆ ನಿದ್ದಿ ಹತ್ತಂಗಿಲ್ಲ. ನಮ್ಮವ್ವ ಹಂಗ ಇಡ್ತಿದ್ಲು, ನಾ ಇಟ್ಟೆ, ಅಕ್ಕು ಇಡ್ತಾಳ."

ಸೋನಾಲಿ ಹಣೆ ಚಚ್ಚಿಕೊಂಡಳು. "ಇರುವಿ ಬರ್ತಿದ್ದು ಇದಕ್ಕೇನು? ಹೋದ ವರ್ಷ ಮೂರು ಪೀಸ್ ವಾಪಸ್ ಬಂದಿದ್ವು, ಬೆಡ್‌ರೂಮ್ ತುಂಬ ಇರುವಿ ಅಂತ."

"ಅದಕ ಕಾಂತಪ್ಪ ಇಡಬ್ಯಾಡ್ರಿ ಅಂದ. ಒಯ್ಯುವಾಗ ನಾಕೂ ಮೂಲಿ ಹಿಚುಕಿ ನೋಡ್ತಿದ್ದ. ನಾವು ಮೂಲ್ಯಾಗ ಇಡೂದು ಬಿಟ್ವಿ." ಗುರುಬಾಯಿಯ ಹೆಬ್ಬೆರಳು ನಡುವಿನ ಕೆಂಪು ಚೌಕದ ಮೇಲೆ ಮೆಲ್ಲಗೆ ಒತ್ತಿತು. "ಹೊಟ್ಟ್ಯಾಗ ಇಡ್ತೀವಿ. ಗಂಡಸರು ಹೊಟ್ಟಿ ಮುಟ್ಟಿ ನೋಡಂಗಿಲ್ಲ."

ಬೆರಳು ನಿಂತಿತು.

"ಐತಿ," ಎಂದಳು.

ಸೋನಾಲಿ ಗಲ್ಲಾಪೆಟ್ಟಿಗೆಯ ಬಳಿಯಿಂದ ಕತ್ತರಿ ತಂದು ಕೊಟ್ಟಳು. ಗುರುಬಾಯಿ ಕತ್ತರಿ ಮುಟ್ಟಲಿಲ್ಲ. ಹಲ್ಲಿನಿಂದ ಒಂದು ದಾರ ಕಡಿದಳು. ಆಮೇಲೆ ಮಗಳ ಹೊಲಿಗೆಯನ್ನು ಒಂದೊಂದಾಗಿ, ತಲೆಯ ಸಿಕ್ಕು ಬಿಡಿಸುವಂತೆ ಬಿಡಿಸಿದಳು. ನಾಲ್ಕು ಹೊಲಿಗೆ. ಐದು. ಕೆಂಪು ಚೌಕದ ಒಂದು ತುದಿ ಎದ್ದಿತು.

ಎರಡು ಬೆರಳು ಒಳಗೆ ಹೋಗಿ ಹೊರಗೆ ಬಂದವು.

ರೊಟ್ಟಿ. ಹೆಬ್ಬೆರಳ ಉಗುರಿನ ಎರಡರಷ್ಟು. ಒಣಗಿ ಗಟ್ಟಿಯಾದದ್ದು, ಬೂಷ್ಟು ಹಿಡಿದಿರಲಿಲ್ಲ.

"ಹಳೇದಾ ಹೊಸದಾ?" ಎಂದಳು ನಮಿತಾ.

ಗುರುಬಾಯಿ ತುಣುಕನ್ನು ಲಾಂದ್ರದ ಬೆಳಕಿಗೆ ಹಿಡಿದಳು. ಮೂಸಿದಳು. ಉಗುರಿನಿಂದ ಅದರ ಮೈಮೇಲಿನ ಚುಕ್ಕೆಗಳನ್ನು ಸವರಿದಳು. ಅವಳ ಮುಖದಲ್ಲಿ ಹನ್ನೆರಡು ದಿನ ಯಾವುದು ನಿಂತುಹೋಗಿತ್ತೋ ಅದು ಚಲಿಸಿತು.

"ಸಜ್ಜಿ ರೊಟ್ಟಿ," ಎಂದಳು. "ನಮ್ಮ ಮನ್ಯಾಗ ಯಾವಾಗ್ಲೂ ಜ್ವಾಳಾನ. ಶನಿವಾರ ಜ್ವಾಳದ ಹಿಟ್ಟ ತೀರಿತ್ತು. ಸಜ್ಜಿ ಬಡದೆ. ಎಳ್ಳು ಹಚ್ಚೂಣು ಅಂತ ಡಬ್ಬಿಗೆ ಕೈ ಹಾಕಿದೆ. ಶನಿದೇವರಿಗೆ ಅಂತ ಕರಿ ಎಳ್ಳು ತಂದಿಟ್ಟಿದ್ದೆ, ಅಕ್ಕು ಬರಲಿ ಅಂತ ಹರಕಿ. ಖಬರಿಲ್ಲದ ಅದನ್ನ ಹಚ್ಚಿಬಿಟ್ಟೆ."

ಅವಳು ತುಣುಕನ್ನು ನಮಿತಾಳ ಮುಂದೆ ಹಿಡಿದಳು. ಬೂದು ರೊಟ್ಟಿ. ಅದರ ಮೇಲೆ ನಾಲ್ಕೈದು ಕರಿ ಎಳ್ಳು.

"ರೊಟ್ಟಿಗೆ ಬಿಳಿ ಎಳ್ಳು ಹಚ್ತಾರ. ದೇವರಿಗೆ ಎತ್ತಿಟ್ಟ ಕರಿ ಎಳ್ಳು ಜಗತ್ತಿನ್ಯಾಗ ಯಾರ ಹಚ್ತಾರವ್ವಾ? ನನ್ನಂಥಾ ಹುಚ್ಚಿ ಬಿಟ್ಟು? ಬಡದ ಮ್ಯಾಲೆ ನೋಡಿ ಎದಿ ಝಲ್ ಅಂತು. ಬಿಸಾಡಾಕ ಹೋದೆ. 'ಕೊಡ್ರಿ ಅಕ್ಕಾ, ನಾ ತಿಂತೀನಿ, ನನಗೇನೂ ಆಗಂಗಿಲ್ಲ' ಅಂದ ಕಾಂತಪ್ಪ. ಐದೂ ಅವನ ಒಯ್ದ."



ನಮಿತಾಳ ತಲೆಯಲ್ಲಿ ವಾರದ ದಿನಗಳು ಒಂದರ ಹಿಂದೆ ಒಂದು ಬಂದು ಸಾಲಾಗಿ ನಿಂತವು. ಶುಕ್ರವಾರ ಕೆರೆಯಿಂದ ಹೆಣ ತೆಗೆದರು. ಶನಿವಾರ ಈ ರೊಟ್ಟಿ ಬೆಂದಿತು. ಶನಿವಾರವೋ ಭಾನುವಾರವೋ ಅಕ್ಕು ಇದನ್ನು ತಿಂದಳು, ಒಂದು ತುತ್ತು ಕೌದಿಗೆ ಕೊಟ್ಟಳು, ಎಡಗೈಯಲ್ಲಿ ಕೊನೆಯ ಹೊಲಿಗೆ ಹಾಕಿದಳು. ಅವ್ವನ ಕೈಯ ರುಚಿ ಅವಳಿಗೆ ತಿಳಿಯದೆ ಇರುತ್ತದೆಯೆ?

ಹೆಣ ಅವಳದಲ್ಲ.

"ಅದಾಳ," ಎಂದಳು ಗುರುಬಾಯಿ. ಮೊದಲು ಪಿಸುಮಾತಿನಲ್ಲಿ, ಆಮೇಲೆ ದನಿ ಏರಿಸಿ. "ನನ್ನ ಮಗಳು ಅದಾಳ. ಅಯ್ಯೋ ಯವ್ವಾ, ಉಂಡಾಳ! ನಾ ಮಾಡಿದ್ದ ಉಂಡಾಳ!"

"ಆಂಟಿ, ಶ್... ಧೀರೇ!" ನಮಿತಾ ಅವಳ ಭುಜ ಹಿಡಿದಳು. ಸಂತೋಷಕ್ಕೆ ಪುರುಸೊತ್ತಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ನಿಂತಿತ್ತು, ತಣ್ಣಗೆ. ಅಕ್ಕು ಸತ್ತಳೆಂದು ತಾವು ನಂಬಿದ್ದೇವೆ ಎಂದು ಕಾಂತಪ್ಪ ತಿಳಿದಿರುವವರೆಗೆ ಅವನಿಗೆ ಅವಸರವಿಲ್ಲ. ತಮಗೆ ನಿಜ ತಿಳಿಯಿತೆಂದು ಅವನಿಗೆ ಗೊತ್ತಾದರೆ? ಹೆಬ್ಬೆಟ್ಟು ಒತ್ತಿದರೆ ಮಗಳು ಕಾಗದದ ಮೇಲೆ ಸಾಯುತ್ತಾಳೆ. ಒತ್ತದಿದ್ದರೆ, ಯಾಕೆ ಒತ್ತಲಿಲ್ಲವೆಂದು ಅವನು ಕೇಳುತ್ತಾನೆ.

"ಅವನ ಗೋಡೌನ್ ಎಲ್ಲಿ?"

"ನನಗ ಗೊತ್ತಿಲ್ಲ," ಎಂದಳು ಸೋನಾಲಿ. "ಖರೇನ ಗೊತ್ತಿಲ್ಲ. ಅವನ ತಂದ ಕೊಡ್ತಾನ."

ನಮಿತಾ ಫೋಟೋ ತೆಗೆಯಲು ಫೋನು ಎತ್ತಿದಳು. ಕ್ಯಾಮೆರಾ ತೆರೆಯುವಷ್ಟರಲ್ಲಿ ಮುಂದಿನ ಬಾಗಿಲಿನ ಹಿತ್ತಾಳೆ ಗಂಟೆ ಕಿಣಿ ಎಂದಿತು.

"ಅಕ್ಕಾ?"

ಕಾಂತಪ್ಪ ಒಳಕೋಣೆಯ ಕಮಾನಿನಲ್ಲಿ ನಿಂತಿದ್ದ. ಕೈಯಲ್ಲಿ ಗುರುಬಾಯಿಯ ಚಪ್ಪಲಿ.

"ಹೊರಗ ಬಿಟ್ಟೀರಲ್ಲ! ಬಾಂದ್ರಾ ಇದು, ಆಂಟಾಪ್ ಹಿಲ್ ಅಲ್ಲ. ಯಾರರ ಒಯ್ತಾರ." ಅವನು ನಕ್ಕ. ಸೋನಾಲಿಯತ್ತ ನೋಡಲಿಲ್ಲ. ಸೋನಾಲಿಯೂ ಅವನತ್ತ ನೋಡಲಿಲ್ಲ. ಒಬ್ಬರನ್ನೊಬ್ಬರು ಎಂದೂ ಕಾಣದವರು ಇಷ್ಟೊಂದು ಎಚ್ಚರದಿಂದ ನೋಡದೆ ಇರುವುದಿಲ್ಲ.

"ಟೈಮ್ ಆತು. ನಡೀರಿ."

ಗುರುಬಾಯಿ ಏಳಲಿಲ್ಲ. ಅವಳ ಸೆರಗು ಕೌದಿಯ ನಡುವನ್ನು ಮುಚ್ಚಿತ್ತು. ಬಲಗೈ ಮುಷ್ಟಿಯಾಗಿತ್ತು.

ಕಾಂತಪ್ಪನ ಕಣ್ಣು ಖಾಲಿ ಬಿದಿರು ಕೋಲಿಗೆ ಹೋಯಿತು. ಅಲ್ಲಿಂದ ನೆಲಕ್ಕೆ. ಅಲ್ಲಿಂದ ಮುಷ್ಟಿಗೆ.

"ಕೈಯಾಗ ಏನೈತಿ, ಅಕ್ಕಾ?"

ನಮಿತಾ ಬಾಯಿ ತೆರೆದಳು.

ಗುರುಬಾಯಿ ಕೈಯನ್ನು ಬಾಯಿಗೆ ಒಯ್ದಳು.

ಅಗಿದಳು. ಮೂರು ದಿನದ ಒಣ ರೊಟ್ಟಿ ಅವಳ ಹಲ್ಲಿನಡಿ ಕಟ್ ಎಂದಿತು. ಅಕ್ಕು ಬದುಕಿದ್ದಾಳೆ ಎನ್ನಲು ಇದ್ದ ಒಂದೇ ಸಾಕ್ಷಿಯನ್ನು ಅವಳು ಕಾಂತಪ್ಪನ ಮುಖವನ್ನೇ ನೋಡುತ್ತ ನುಂಗಿದಳು.

"ಹಸಿವಾಗಿತ್ತಪಾ," ಎಂದಳು. "ಈ ಅಂಗಡಿ ಅಕ್ಕಾರು ಒಂದ ಬಿಸ್ಕೀಟ್ ಕೊಟ್ರು."

"ಹೌದು," ಎಂದಳು ಸೋನಾಲಿ, ಕನ್ನಡದಲ್ಲಿ.

ಹಾಗೆಂದ ಮೇಲೆ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು: ಇವರ ಮುಂದೆ ಕನ್ನಡ ಆಡಿದ್ದು ಕಾಂತಪ್ಪನಿಗೆ ಗೊತ್ತಾಗಿತ್ತು. ಅವಳ ಕೈ ತನ್ನ ಬಾಯಿಗೆ ಹೋಯಿತು.

ಕಾಂತಪ್ಪ ಏನೂ ಕೇಳಲಿಲ್ಲ. "ಛಲೋ ಆತು," ಎಂದ. "ಖಾಲಿ ಹೊಟ್ಟ್ಯಾಗ ಹೆಣದ ಮುಂದ ನಿಲ್ಲಬಾರದು." ಅವನು ಮುಂದೆ ಬಂದು, ಅಕ್ಕನಿಗೆ ತಮ್ಮ ಮಾಡುವ ಹಾಗೆ, ಅವಳ ಪಾದದ ಹತ್ತಿರ ಚಪ್ಪಲಿ ಇಡಲು ಬಗ್ಗಿದ.

ಬಿಳಿ ನೆಲದ ಮೇಲೆ, ಅವಳ ಬರಿಗಾಲಿನ ಹೆಬ್ಬೆರಳ ಪಕ್ಕದಲ್ಲಿ, ಒಂದು ಕರಿ ಎಳ್ಳು ಬಿದ್ದಿತ್ತು.

ಬಗ್ಗಿದವನು ಏಳಲಿಲ್ಲ.